ಮಾಜಿ ಆಟಗಾರನ ಮಾತು, ಕಟ್ಟುನಿಟ್ಟಿನ ಮ್ಯಾನೇಜರ್: ವಾದಕ್ಕಿಳಿಯುವ ಮುಂಚೆ ಮಾಡಬೇಕಾದ ಹೋಮ್‌ವರ್ಕ್

2022ರ ನವೆಂಬರ್ 13ರಂದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಕೊನೇ ಗಳಿಗೆಯ ಗೋಲಿನಿಂದ ಫುಲ್ಹಮ್ ತಂಡವನ್ನು 2–1ರಿಂದ ಸೋಲಿಸಿತು. ಆ ಗೆಲುವು ಯಾರಿಗೂ ಬೇಕಾಗಲಿಲ್ಲ. ಪಂದ್ಯ ಮುಗಿದ ಬೆನ್ನಲ್ಲೇ ಯುನೈಟೆಡ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಟಿವಿ ನಿರೂಪಕ ಪಿಯರ್ಸ್ ಮಾರ್ಗನ್‌ಗೆ ಕೊಟ್ಟ ಸಂದರ್ಶನದ ತುಣುಕುಗಳು ಹೊರಬಿದ್ದವು. ಮ್ಯಾನೇಜರ್ (ಅಂದರೆ ತಂಡದ ಮುಖ್ಯ ಕೋಚ್) ಎರಿಕ್ ಟೆನ್ ಹಾಗ್ ಬಗ್ಗೆ ತನಗೆ ಗೌರವ ಇಲ್ಲ, ಯಾಕೆಂದರೆ ಅವರೂ ತನಗೆ ಗೌರವ ಕೊಡುವುದಿಲ್ಲ ಅನ್ನುವ ಮಾತು ಅದರಲ್ಲಿತ್ತು. ಒಂಬತ್ತು ದಿನ ಕಳೆದು, ನವೆಂಬರ್ 22ಕ್ಕೆ, ರೊನಾಲ್ಡೊ ಯುನೈಟೆಡ್‌ನ ಮಾಜಿ ಆಟಗಾರರಾದರು. ಅಭಿಮಾನಿಗಳು ಮಾತ್ರ ಮೊದಲ ರಾತ್ರಿಯೇ ಎರಡು ಪಾಳಯವಾಗಿ ಕೂತಿದ್ದರು.

ಇಂಥ ಜಗಳ ಪ್ರತಿ ಸೀಸನ್‌ನಲ್ಲೂ ಬರುತ್ತದೆ. ಹಳೇ ಆಟಗಾರನೊಬ್ಬ ಟಿವಿಯಲ್ಲೋ ಪಾಡ್‌ಕಾಸ್ಟ್‌ನಲ್ಲೋ ಒಂದು ಮಾತು ಬಿಡುತ್ತಾನೆ. ಮ್ಯಾನೇಜರ್ ಸ್ವಲ್ಪ ಬಿಗಿ ಮನುಷ್ಯನಾಗಿದ್ದರೆ ಸಾಕು, ‘ಸರ್ವಾಧಿಕಾರಿ’ ಅಂತ ಒಬ್ಬ, ‘ಇಂಥವನೇ ಬೇಕು’ ಅಂತ ಇನ್ನೊಬ್ಬ. ವಾದ ಮಾಡಬೇಡಿ ಅನ್ನುವ ಬುದ್ಧಿಮಾತು ಇಲ್ಲಿಲ್ಲ. ಬಾಯಿ ತೆರೆಯುವ ಮುಂಚೆ ಅರ್ಧ ಗಂಟೆ ಕೊಟ್ಟು ಏನೇನು ನೋಡಿಕೊಳ್ಳಬೇಕು ಅನ್ನುವುದಷ್ಟೇ ಇದೆ. ಉದಾಹರಣೆಗಳು ಹೆಚ್ಚುಕಡಿಮೆ ಎಲ್ಲವೂ ಯುನೈಟೆಡ್‌ನವು. ಇಷ್ಟು ಬಿಗಿಯಾದ ಮ್ಯಾನೇಜರ್‌ಗಳು ಮತ್ತು ಇಷ್ಟು ಮಾತುಗಾರ ಮಾಜಿಗಳು ಒಂದೇ ಕ್ಲಬ್ಬಿನಲ್ಲಿ ಸಿಗುವುದು ಅಪರೂಪ.

ಮೊದಲು ಪೂರ್ತಿ ಮಾತು ಹುಡುಕಿ

ರೊನಾಲ್ಡೊ ಸಂದರ್ಶನ ಪೂರ್ತಿಯಾಗಿ ಪ್ರಸಾರವಾಗಿದ್ದು ನವೆಂಬರ್ 16 ಮತ್ತು 17ರಂದು, ಎರಡು ಭಾಗದಲ್ಲಿ. ನಡುವಿನ ಮೂರು ದಿನ ಲೋಕವೆಲ್ಲ ಕಚ್ಚಾಡಿದ್ದು ಬರೀ ತುಣುಕುಗಳ ಮೇಲೆ. ಹಾಗಾಗಿ ಮೊದಲ ಕೆಲಸ: ಮೂಲ ಚಾನೆಲ್ಲಿನ ವಿಡಿಯೊ ತೆರೆದು, ಗದ್ದಲವೆಬ್ಬಿಸಿದ ವಾಕ್ಯ ಎಷ್ಟನೇ ನಿಮಿಷದಲ್ಲಿದೆ ಅಂತ ಗುರುತು ಮಾಡಿ, ಅಲ್ಲಿಂದ ಎರಡು ನಿಮಿಷ ಹಿಂದಕ್ಕೆ ಹೋಗಿ ಕೇಳಿ. ಪ್ರಶ್ನೆ ಏನಿತ್ತು ಅನ್ನುವುದು ಉತ್ತರದಷ್ಟೇ ಮುಖ್ಯ. ಕಟುವಾದ ಪದವನ್ನು ಪ್ರಶ್ನೆ ಕೇಳಿದವನೇ ತುರುಕಿರುತ್ತಾನೆ, ಆಟಗಾರ ‘ಹೌದು, ಹಾಗೇ ಅನ್ನಿ’ ಅಂದಿರುತ್ತಾನೆ. ಮರುದಿನ ತಲೆಬರಹದಲ್ಲಿ ಆ ಪದ ಆಟಗಾರನ ಬಾಯಲ್ಲಿ ಕೂತಿರುತ್ತದೆ. ಇಂಗ್ಲಿಷ್ ಟ್ಯಾಬ್ಲಾಯ್ಡ್‌ಗಳು ತಲೆಬರಹದಲ್ಲಿ ಒಂಟಿ ಉದ್ಧರಣ ಚಿಹ್ನೆ ಹಾಕಿದ ಮಾತ್ರಕ್ಕೆ ಆತ ಅದೇ ಪದ ಹೇಳಿದ ಅಂತಲ್ಲ. ಅದು ಉಪಸಂಪಾದಕ ಮಾಡಿದ ಸಾರಾಂಶವೂ ಆಗಿರಬಹುದು.

ಹಳೇ ವಿಡಿಯೊಗೆ ಹೊಸ ದಿನಾಂಕ ಅಂಟಿಸಿ ಬಿಡುವುದು ಇನ್ನೊಂದು ಕಾಟ. ಹತ್ತು ವರ್ಷದ ಹಿಂದೆ ಬೇರೆ ಯಾರನ್ನೋ ಬೈದದ್ದು ಇವತ್ತಿನ ಮ್ಯಾನೇಜರ್‌ಗೆ ಬೈದ ಹಾಗೆ ತಿರುಗಾಡುತ್ತದೆ. ಪತ್ತೆಗೆ ಸುಲಭದ ದಾರಿ ಪರದೆಯ ಮೇಲೇ ಇದೆ. ಹಿನ್ನೆಲೆಯಲ್ಲಿ ಪಂದ್ಯದ ದೃಶ್ಯ ಓಡುತ್ತಿದ್ದರೆ ಯುನೈಟೆಡ್ ಅಂಗಿಯ ಎದೆ ಮೇಲಿನ ಪ್ರಾಯೋಜಕರ ಹೆಸರು ನೋಡಿ: ವೊಡಾಫೋನ್ ಇದ್ದರೆ 2000ದಿಂದ 2006, ಎಐಜಿ 2006–10, ಏಯಾನ್ 2010–14, ಶೆವ್ರೊಲೆ 2014–21, ಟೀಮ್‌ವ್ಯೂವರ್ 2021–24, ಸ್ನ್ಯಾಪ್‌ಡ್ರ್ಯಾಗನ್ ಇದ್ದರೆ 2024ರ ಆಚೆ. ಮೂಲೆಯಲ್ಲಿ ಬಿಟಿ ಸ್ಪೋರ್ಟ್ ಲಾಂಛನ ಇದ್ದರೆ ಆ ಪ್ರಸಾರ 2023ರ ಜುಲೈಗಿಂತ ಹಳೆಯದು. ಆಮೇಲೆ ಅದು ಟಿಎನ್‌ಟಿ ಸ್ಪೋರ್ಟ್ಸ್ ಆಯಿತು. ಒಂದು ಎಚ್ಚರಿಕೆ: ಅಂಗಿ ಹೇಳುವುದು ತೋರಿಸುತ್ತಿರುವ ಪಂದ್ಯದ ಕಾಲವನ್ನು. ಹಳೇ ಪಂದ್ಯದ ದೃಶ್ಯ ಹಾಕಿಕೊಂಡು ಹೊಸದಾಗಿಯೂ ಮಾತಾಡಿರಬಹುದು. ಸ್ಟುಡಿಯೊ ಮತ್ತು ಲಾಂಛನ ಎರಡೂ ಹೊಂದಿದರೆ ಮಾತ್ರ ನಂಬಿ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ನೋಡುವವರಿಗೆ ಗಡಿಯಾರದ ತೊಡಕೂ ಇದೆ. ಚಳಿಗಾಲದಲ್ಲಿ ಇಂಗ್ಲೆಂಡಿನ ರಾತ್ರಿ 8ರ ಪಂದ್ಯ ನಮಗೆ ನಸುಕಿನ 1.30ಕ್ಕೆ ಶುರು, ಮುಗಿಯುವಾಗ ಹತ್ತಿರಹತ್ತಿರ 3.30. ಸೋತ ಸಿಟ್ಟು, ಅರೆನಿದ್ದೆ ಎರಡೂ ಸೇರಿದ ಆ ಹೊತ್ತಿಗೇ ಟಿವಿಯಲ್ಲಿ ವಿಶ್ಲೇಷಣೆ ಮಾಡುವ ಪಂಡಿತರ ತುಣುಕುಗಳು ಬರುತ್ತವೆ. ಪಂದ್ಯಕ್ಕೆ ಮುನ್ನಾದಿನದ ಮ್ಯಾನೇಜರ್ ಪತ್ರಿಕಾಗೋಷ್ಠಿಯಲ್ಲೂ ಎರಡು ಭಾಗ. ಕ್ಯಾಮೆರಾ ಮುಂದಿನದು ತಕ್ಷಣ ಹೊರಗೆ. ಪತ್ರಿಕೆಯವರಿಗೆ ಬೇರೆಯಾಗಿ ಹೇಳಿದ್ದನ್ನು ಸಾಮಾನ್ಯವಾಗಿ ಅಲ್ಲಿನ ರಾತ್ರಿ 10.30ರವರೆಗೆ ತಡೆಹಿಡಿದಿರುತ್ತಾರೆ. ಅಂದರೆ ನಮಗೆ ಬೇಸಿಗೆಯಲ್ಲಿ ನಸುಕಿನ 3, ಚಳಿಗಾಲದಲ್ಲಿ 4. ಮಾಜಿ ಆಟಗಾರನ ಟೀಕೆಗೆ ಮ್ಯಾನೇಜರ್ ಕೊಟ್ಟ ವಿವರವಾದ ಉತ್ತರ ಎಷ್ಟೋ ಸಲ ಈ ಎರಡನೇ ಭಾಗದಲ್ಲೇ ಇರುತ್ತದೆ. ಸಂಜೆಯೇ ‘ನೋಡಿ, ಉತ್ತರವೇ ಕೊಡಲಿಲ್ಲ’ ಅಂತ ತೀರ್ಪು ಕೊಟ್ಟವರು ಬೆಳಿಗ್ಗೆ ಪೇಚಿಗೆ ಸಿಗುತ್ತಾರೆ.

ಮಾತನ್ನು ಮೂರು ಪಾಲು ಮಾಡಿ

ಒಂದು ಹಾಳೆ ತೆಗೆದುಕೊಂಡು ಮೂರು ಅಂಕಣ ಎಳೆಯಿರಿ: ಕಂಡದ್ದು, ಕೇಳಿದ್ದು, ಅನಿಸಿದ್ದು. ಮಾಜಿ ಆಟಗಾರನ ಮಾತನ್ನು ವಾಕ್ಯ ವಾಕ್ಯವಾಗಿ ಒಡೆದು ಒಂದೊಂದನ್ನೂ ಒಂದು ಅಂಕಣಕ್ಕೆ ಹಾಕಿ.

ಯಾವುದು ಎಲ್ಲಿಗೆ ಅಂತ ನಿರ್ಧರಿಸಲು ವರ್ಷಗಳು ಬೇಕು. ರಾಯ್ ಕೀನ್ ಯುನೈಟೆಡ್‌ನಲ್ಲಿದ್ದದ್ದು 1993ರಿಂದ 2005, ಅಷ್ಟೂ ಕಾಲ ಅಲೆಕ್ಸ್ ಫರ್ಗುಸನ್ ಕೈಕೆಳಗೆ. ಫರ್ಗುಸನ್ ಬಗ್ಗೆ ಅವರು ಹೇಳುವುದರಲ್ಲಿ ಬಹುಪಾಲು ‘ಕಂಡದ್ದು’. ಟೆನ್ ಹಾಗ್ ಕಾಲದ ಡ್ರೆಸಿಂಗ್ ರೂಮಿನ ಬಗ್ಗೆ ಅದೇ ಕೀನ್ ಮಾತಾಡಿದರೆ ಅದು ‘ಅನಿಸಿದ್ದು’, ಹೆಚ್ಚೆಂದರೆ ‘ಕೇಳಿದ್ದು’. ರಿಯೊ ಫರ್ಡಿನಾಂಡ್ 2002ರಿಂದ 2014, ಗ್ಯಾರಿ ನೆವಿಲ್ 2011ರಲ್ಲಿ ನಿವೃತ್ತಿ. ಇವರಲ್ಲಿ ಯಾರೂ ಟೆನ್ ಹಾಗ್ ಕೈಕೆಳಗೆ ಒಂದು ದಿನವೂ ತರಬೇತಿ ಮಾಡಿದವರಲ್ಲ. ಹಾಗಂತ ಅವರ ಮಾತಿಗೆ ಬೆಲೆ ಇಲ್ಲ ಅಂತಲ್ಲ. ಮಿಡ್‌ಫೀಲ್ಡರ್ ಯಾಕೆ ಹಿಂದಕ್ಕೆ ಓಡಲಿಲ್ಲ ಅನ್ನುವುದು ಕೀನ್‌ಗೆ ಕ್ಯಾಮೆರಾದಲ್ಲೇ ಕಾಣುತ್ತದೆ. ಆ ಆಟಗಾರನ ಮೇಲೆ ಮ್ಯಾನೇಜರ್ ಬುಧವಾರ ಕೂಗಾಡಿದರೋ ಇಲ್ಲವೋ ಕಾಣುವುದಿಲ್ಲ.

ರೊನಾಲ್ಡೊ ಸಂದರ್ಶನವನ್ನೇ ಒಡೆದು ನೋಡಿ. ‘ಗೌರವ ಇಲ್ಲ’ ಅನ್ನುವುದು ಅನಿಸಿಕೆ. ಅದನ್ನು ಸುಳ್ಳು ಅನ್ನಲೂ ಆಗದು, ನಿಜ ಅಂತ ತೋರಿಸಲೂ ಆಗದು. ‘ಕೋಚ್ ಅಲ್ಲದೆ ಕ್ಲಬ್ಬಿನ ಇನ್ನೂ ಕೆಲವರು ನನ್ನನ್ನು ಹೊರಹಾಕಲು ನೋಡುತ್ತಿದ್ದಾರೆ’ ಅನ್ನುವುದು ಆರೋಪ. ಹೆಸರಿಲ್ಲ, ದಿನವಿಲ್ಲ, ತೂಗುವುದು ಕಷ್ಟ. ‘ಫರ್ಗುಸನ್ ಹೋದಮೇಲೆ ಇಲ್ಲಿ ಏನೂ ಬದಲಾಗಿಲ್ಲ, ಜಿಮ್ಮು, ಈಜುಕೊಳ ಎಲ್ಲಾ ಹಾಗೇ ಇದೆ’ ಅನ್ನುವುದು ಮಾತ್ರ ಪಕ್ಕಾ ಕಂಡದ್ದು. 2009ರಲ್ಲಿ ಬಿಟ್ಟು ಹೋದ ಜಾಗಕ್ಕೆ 2021ರಲ್ಲಿ ವಾಪಸ್ ಬಂದ ಮನುಷ್ಯ ಹೇಳಿದ್ದು ಅದು. ಜನ ಅತಿ ಹೆಚ್ಚು ಗೇಲಿ ಮಾಡಿದ್ದೂ ಇದನ್ನೇ, ಜಕೂಝಿ (ಬಿಸಿನೀರಿನ ತೊಟ್ಟಿ) ಸರಿಯಿಲ್ಲ ಅಂತ ಅಳುತ್ತಾನೆ ಅಂತ. 2024ರ ಜೂನ್‌ನಲ್ಲಿ ಕ್ಲಬ್ಬು ತಾನಾಗಿಯೇ ಕ್ಯಾರಿಂಗ್ಟನ್ ತರಬೇತಿ ಕೇಂದ್ರದ ನವೀಕರಣಕ್ಕೆ 5 ಕೋಟಿ ಪೌಂಡ್ ಘೋಷಿಸಿತು. ಹೊಸ ಕಟ್ಟಡ ತೆರೆದದ್ದು 2025ರಲ್ಲಿ. ಅದೇ ಸಂದರ್ಶನದಲ್ಲಿ ಒಂದು ಮಾತು ಗಟ್ಟಿ, ಇನ್ನೊಂದು ಜೊಳ್ಳು. ಇಡೀ ಸಂದರ್ಶನ ಸರಿಯೋ ತಪ್ಪೋ ಅಂತ ಕೂತರೆ ಎರಡೂ ಕೈತಪ್ಪುತ್ತವೆ.

ಎಲ್ಲರೂ ಎಡವುವುದು ‘ಕೇಳಿದ್ದು’ ಅಂಕಣದಲ್ಲಿ. ‘ಒಳಗಿನವರು ನನಗೆ ಹೇಳಿದ್ದಾರೆ’ ಅಂತ ಮಾಜಿ ಆಟಗಾರ ಅಂದರೆ, ಆ ಒಳಗಿನವರು ಬೆಂಚಿನ ಮೇಲೆ ಕೂತವರೋ ಆಡುತ್ತಿರುವವರೋ ಅಂತ ಕೇಳಿಕೊಳ್ಳಿ. ಬೆಂಚಿನವರಿಗೆ ಯಾವ ಮ್ಯಾನೇಜರೂ ಒಳ್ಳೆಯವನಲ್ಲ.

ಮಾತಿನ ಹಿಂದೆ ಯಾರ ದುಡ್ಡು, ಯಾರ ಸ್ನೇಹ

ಇದನ್ನು ಐದು ನಿಮಿಷದಲ್ಲಿ ಮುಗಿಸಿ. ಇದರಲ್ಲೇ ಮುಳುಗಿದರೆ ಎಲ್ಲರ ಮಾತೂ ಮಾರಿಕೊಂಡದ್ದಾಗಿ ಕಾಣತೊಡಗುತ್ತದೆ. ನೋಡಬೇಕಾದದ್ದು ಇಷ್ಟೇ: ಪುಸ್ತಕ ಬರುತ್ತಿದೆಯೇ, ಹಳೇ ಲೆಕ್ಕ ಬಾಕಿ ಇದೆಯೇ, ಸ್ನೇಹ ಇದೆಯೇ. ಫರ್ಗುಸನ್ 2013ರ ಆತ್ಮಕಥೆಯಲ್ಲಿ ಕೀನ್‌ನ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ನಾಲಿಗೆ ಅಂತ ಬರೆದರು. 2014ರಲ್ಲಿ ಕೀನ್ ಪುಸ್ತಕ ಬಂತು. ಎರಡನ್ನೂ ಜೊತೆಗಿಟ್ಟೇ ಓದಬೇಕು.

ಹೊಗಳಿಕೆಗೂ ಇದೇ ಲೆಕ್ಕ ಅನ್ನುವುದನ್ನು ಜನ ಮರೆಯುತ್ತಾರೆ. 2019ರ ಮಾರ್ಚ್ 6ರಂದು ಯುನೈಟೆಡ್ ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು 3–1ರಿಂದ ಸೋಲಿಸಿದ ರಾತ್ರಿ, ಹಂಗಾಮಿ ಮ್ಯಾನೇಜರ್ ಸೋಲ್ಶರ್ ಮುಂದೆ ಕರಾರು ಪತ್ರ ಇಡಿ, ಅಂಕಿ ಅವರೇ ಬರೆದುಕೊಳ್ಳಲಿ ಎಂಬರ್ಥದಲ್ಲಿ ಫರ್ಡಿನಾಂಡ್ ಟಿವಿಯಲ್ಲಿ ಹೇಳಿದರು. ಇಬ್ಬರೂ ಒಂದೇ ಡ್ರೆಸಿಂಗ್ ರೂಮಿನವರು. ಮಾರ್ಚ್ 28ಕ್ಕೆ ಕಾಯಂ ಕರಾರು ಆಯಿತು, ಆ ಸೀಸನ್ ತಂಡ 6ನೇ ಸ್ಥಾನದಲ್ಲಿ ಮುಗಿಸಿತು.

ಇನ್ನೊಂದು ಅಡ್ಡದಾರಿ, ‘ನೀನು ಮ್ಯಾನೇಜರ್ ಆಗಿ ಏನು ಕಡಿದು ಕಟ್ಟೆ ಹಾಕಿದೆ?’ ನೆವಿಲ್ ಬಾಯಿ ತೆರೆದರೆ ಸಾಕು, ಅವರು ಸ್ಪೇನಿನ ವಲೆನ್ಸಿಯಾ ಕ್ಲಬ್ಬಿನ ಮ್ಯಾನೇಜರ್ ಆಗಿ 2015ರ ಡಿಸೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಮಾತ್ರ ಬಾಳಿದ್ದನ್ನು ಎತ್ತಿ ತರುತ್ತಾರೆ. ಅದು ಅವರ ಮ್ಯಾನೇಜರಿಕೆಗೆ ಉತ್ತರ, ಅವರು ಎತ್ತಿದ ಅಂಶಕ್ಕಲ್ಲ.

ಬಿಗಿಯನ್ನು ಅಳೆಯುವುದು ಹೇಗೆ

ಕೆಲಸ ಇರುವುದು ಇಲ್ಲಿ. ‘ಕಟ್ಟುನಿಟ್ಟು’ ಅಂದಾಗ ಒಬ್ಬ ನಿಯಮದ ಬಗ್ಗೆ ಹೇಳುತ್ತಿರುತ್ತಾನೆ, ಇನ್ನೊಬ್ಬ ನಡತೆಯ ಬಗ್ಗೆ. ನಾಲ್ಕು ಪ್ರಶ್ನೆ ಹಾಕಿ: ನಿಯಮವನ್ನು ಮೊದಲೇ ಹೇಳಿತ್ತೇ? ಎಲ್ಲರಿಗೂ ಒಂದೇ ಇತ್ತೇ? ಶಿಕ್ಷೆಗೆ ಒಂದು ಮಿತಿ ಇತ್ತೇ? ವಾಪಸ್ ಬರಲು ಬಾಗಿಲು ತೆರೆದಿತ್ತೇ?

ಟೆನ್ ಹಾಗ್ ಬಂದದ್ದು 2022ರ ಬೇಸಿಗೆಯಲ್ಲಿ. ಸಮಯಪಾಲನೆ ಅವರ ಮೊದಲ ನಿಯಮಗಳಲ್ಲೊಂದು. ಆ ವರ್ಷದ ಡಿಸೆಂಬರ್ 31ರಂದು ವುಲ್ವ್ಸ್ ವಿರುದ್ಧದ ಪಂದ್ಯ. ಮಾರ್ಕಸ್ ರಾಶ್‌ಫರ್ಡ್ ಆಗ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರು. ಬೆಳಿಗ್ಗೆ ನಿದ್ದೆ ಹೆಚ್ಚಾಗಿ ತಂಡದ ಸಭೆಗೆ ತಡವಾಗಿ ಬಂದರು. ಆರಂಭಿಕ ಹನ್ನೊಂದರಿಂದ ಹೊರಗೆ. ಅರ್ಧವಿರಾಮಕ್ಕೆ ಅವರನ್ನೇ ಇಳಿಸಿದರು, ಪಂದ್ಯದ ಏಕೈಕ ಗೋಲನ್ನು ಅವರೇ ಹೊಡೆದರು, 1–0. ನಾಲ್ಕು ಪ್ರಶ್ನೆಗೂ ಉತ್ತರ ಹೌದು: ನಿಯಮ ಗೊತ್ತಿತ್ತು, ತಂಡದ ಅತ್ಯುತ್ತಮ ಆಟಗಾರನಿಗೂ ಬಿಡಲಿಲ್ಲ, ಶಿಕ್ಷೆ 45 ನಿಮಿಷ, ಬಾಗಿಲು ಅದೇ ಮಧ್ಯಾಹ್ನ ತೆರೆಯಿತು.

ಅದೇ ಮ್ಯಾನೇಜರ್, ಒಂಬತ್ತು ತಿಂಗಳು ಕಳೆಯುವುದರೊಳಗೆ. 2023ರ ಸೆಪ್ಟೆಂಬರ್ 3, ಆರ್ಸೆನಲ್ ವಿರುದ್ಧ 1–3 ಸೋಲು. ಜೇಡನ್ ಸ್ಯಾಂಚೊ ಯಾಕಿಲ್ಲ ಅಂತ ಕೇಳಿದಾಗ, ತರಬೇತಿಯಲ್ಲಿ ಆಟ ಸಾಲದು, ಅದಕ್ಕೇ ಆರಿಸಲಿಲ್ಲ ಅಂತ ಎಲ್ಲರೆದುರೇ ಹೇಳಿದರು. ಸ್ಯಾಂಚೊ ಅದೇ ರಾತ್ರಿ, ಇದು ನಿಜವಲ್ಲ, ನನ್ನನ್ನು ಬಲಿಪಶು ಮಾಡುತ್ತಿದ್ದಾರೆ ಅಂತ ಪೋಸ್ಟ್ ಹಾಕಿದರು. ಎರಡು ವಾರದೊಳಗೆ ಮೊದಲ ತಂಡದ ಜೊತೆ ತರಬೇತಿ ಬಂದ್. ಜನವರಿಯಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ಗೆ ಸಾಲದ ಮೇಲೆ, ಅಂದರೆ ಕೆಲಕಾಲಕ್ಕೆ ಎರವಲಾಗಿ, ಹೋದರು, 2024ರ ಜೂನ್ 1ರಂದು ಆ ತಂಡದ ಪರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಬಾಗಿಲು ಮತ್ತೆ ತೆರೆದದ್ದು ಜುಲೈನಲ್ಲಿ, ಇಬ್ಬರೂ ಕೂತು ಮಾತಾಡಿದ ಮೇಲೆ. ಆಗಸ್ಟ್ ಕೊನೆಗೆ ಮತ್ತೆ ಸಾಲದ ಮೇಲೆ ಚೆಲ್ಸಿಗೆ.

ಇಲ್ಲಿ ಮಾಜಿ ಆಟಗಾರರು ಎರಡೂ ಕಡೆ ಮಾತಾಡಿದರು, ಅಭಿಮಾನಿಗಳೂ ಹಾಗೇ. ಮೊದಲ ಮೂರು ಪ್ರಶ್ನೆಗಳಲ್ಲಿ ಎಲ್ಲಿ ಎಡವಿತು ನೋಡಿ. ‘ತರಬೇತಿಯಲ್ಲಿ ಸಾಲದು’ ಅನ್ನುವುದು ಗಡಿಯಾರ ನೋಡಿ ಹೇಳುವ ನಿಯಮವಲ್ಲ, ಮ್ಯಾನೇಜರ್‌ನ ಅಂದಾಜು. ಶಿಕ್ಷೆಗೆ ಅವಧಿ ಇರಲಿಲ್ಲ, ಕ್ಷಮೆ ಕೇಳುವವರೆಗೆ ಅನ್ನುವುದೇ ಷರತ್ತು. ಒಳಗೆ ಹೇಳಬೇಕಾದ್ದನ್ನು ಮೊದಲು ಹೊರಗೆ ಹೇಳಿದ್ದು ಮ್ಯಾನೇಜರ್. ಅದಕ್ಕೆ ಹೊರಗೇ ಉತ್ತರ ಕೊಟ್ಟು ಗಂಟು ಬಿಗಿ ಮಾಡಿದ್ದು ಆಟಗಾರ. ‘ಫೈನಲ್ ಆಡಿದನಲ್ಲ, ಟೆನ್ ಹಾಗ್ ತಪ್ಪು ಅಂತಾಯಿತು’ ಅನ್ನುವ ವಾದ ಕೇಳಲು ಚೆಂದ, ಆದರೆ ಜೂನ್ ತಿಂಗಳ ಆಟ ಹಿಂದಿನ ಆಗಸ್ಟ್ ತಿಂಗಳ ತರಬೇತಿಗೆ ಸಾಕ್ಷಿಯಾಗುವುದಿಲ್ಲ. ಸ್ಯಾಂಚೊಗೆ ಆಟ ಬರುತ್ತದೆ ಅನ್ನುವುದನ್ನು ಮಾತ್ರ ಅದು ತೋರಿಸುತ್ತದೆ. ಅದನ್ನು ಯಾರೂ ಅಲ್ಲಗಳೆದಿರಲಿಲ್ಲ.

ರೊನಾಲ್ಡೊ ಪ್ರಕರಣ ಇವೆರಡರ ನಡುವೆ ಬೀಳುತ್ತದೆ. 2022ರ ಅಕ್ಟೋಬರ್ 19ರಂದು ಟಾಟೆನ್‌ಹ್ಯಾಮ್ ಪಂದ್ಯದಲ್ಲಿ ಬದಲಿಯಾಗಿ ಇಳಿಯಲು ಒಪ್ಪದೆ ಪಂದ್ಯ ಮುಗಿಯುವ ಮುಂಚೆಯೇ ಹೊರನಡೆದರು. ಮುಂದಿನ ಚೆಲ್ಸಿ ಪಂದ್ಯಕ್ಕೆ ತಂಡದಲ್ಲಿರಲಿಲ್ಲ. ಆಮೇಲೆ ಮರಳಿದರು. ನಿಯಮ ಸ್ಪಷ್ಟ, ಶಿಕ್ಷೆ ಒಂದು ಪಂದ್ಯ, ಬಾಗಿಲು ತೆರೆದಿತ್ತು. ‘ನನ್ನನ್ನು ಕೆಣಕಿದರು’ ಅನ್ನುವ ಅವರ ದೂರು ನಡತೆಯ ಬಗ್ಗೆ, ಶಿಕ್ಷೆಯ ಬಗ್ಗೆ ಅಲ್ಲ. ಎರಡನ್ನೂ ಬೇರೆಬೇರೆಯಾಗಿ ವಾದಿಸಿ.

ಇಡೀ ತಂಡಕ್ಕೆ ಕೊಡುವ ಶಿಕ್ಷೆಯನ್ನು ಇನ್ನೊಂದು ರೀತಿ ನೋಡಬೇಕು. 2022ರ ಆಗಸ್ಟ್ 13ರಂದು ಬ್ರೆಂಟ್‌ಫರ್ಡ್‌ನಲ್ಲಿ 0–4 ಸೋತ ಮರುದಿನ ಟೆನ್ ಹಾಗ್ ರಜೆ ರದ್ದು ಮಾಡಿ ಆಟಗಾರರನ್ನು 13.8 ಕಿ.ಮೀ. ಓಡಿಸಿದರು. ಪಂದ್ಯದಲ್ಲಿ ಎದುರಾಳಿ ತಂಡ ಯುನೈಟೆಡ್‌ಗಿಂತ ಒಟ್ಟಾರೆ ಅಷ್ಟು ಹೆಚ್ಚು ಓಡಿತ್ತು. ತಾವೂ ಜೊತೆಗೆ ಓಡಿದರು. ಮುಂದಿನ ಪಂದ್ಯದಲ್ಲಿ ಲಿವರ್‌ಪೂಲ್ ಮೇಲೆ 2–1 ಗೆಲುವು. ಓಟದಿಂದಲೇ ಗೆದ್ದರು ಅನ್ನುವವರಿಗೆ ಒಂದು ಲೆಕ್ಕ: 13.8 ಅನ್ನುವುದು ಇಡೀ ತಂಡದ ವ್ಯತ್ಯಾಸ, ತಲೆಗೆ ಹಂಚಿದರೆ ಸುಮಾರು 1.25 ಕಿ.ಮೀ. ಒಬ್ಬೊಬ್ಬನೂ 13.8 ಓಡಿದ್ದು ದೇಹಕ್ಕಾಗಿ ಅಲ್ಲ, ನಾಚಿಕೆಗಾಗಿ.

ದಂಡದ ವಿಷಯ ಬಂದಾಗ ‘ಒಂದು ತಿಂಗಳ ಸಂಬಳ ಕತ್ತರಿಸಬೇಕಿತ್ತು’ ಅಂತ ಹಾರಾಡುವವರಿಗೆ ನಿಯಮ ತೋರಿಸಿ. ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಇಂಗ್ಲೆಂಡಿನ ಕ್ಲಬ್ಬು ಸಾಮಾನ್ಯವಾಗಿ ಹಾಕಬಹುದಾದ ಗರಿಷ್ಠ ದಂಡ ಎರಡು ವಾರದ ಸಂಬಳ. ಅದರೊಳಗೆ ಪಟ್ಟಿ ಎಷ್ಟು ಉದ್ದವಾದರೂ ಆಗಬಹುದು. 2019ರಲ್ಲಿ ಸೋರಿಕೆಯಾದ ಚೆಲ್ಸಿ ಪಟ್ಟಿಯಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಸಹಿಯ ಮೇಲೆ, ತರಬೇತಿ ಶುರುವಿಗೆ ತಡವಾದರೆ 20,000 ಪೌಂಡ್ ಅಂತಿತ್ತು. ಲ್ಯಾಂಪಾರ್ಡ್‌ರನ್ನು ಯಾರೂ ಸರ್ವಾಧಿಕಾರಿ ಅನ್ನಲಿಲ್ಲ. ಎಲ್ಲರಿಗೂ ಪಟ್ಟಿ ಕಣ್ಣೆದುರೇ ಇತ್ತು.

ಫಲಿತಾಂಶ ತೋರಿಸಿ ಗೆಲ್ಲುವ ಆಟ

ಎಲ್ಲಿಗೆ ಗೆರೆ ಎಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಫರ್ಗುಸನ್ ಜೊತೆ ಜಗಳವಾಗಿ (ಅದರ ಕತೆ ಕೊನೆಯಲ್ಲಿದೆ) ಕೀನ್ 2005ರ ನವೆಂಬರ್ 18ಕ್ಕೆ ಕ್ಲಬ್ಬು ಬಿಟ್ಟರು. ಡಿಸೆಂಬರ್ 7ಕ್ಕೆ ಯುನೈಟೆಡ್ ಬೆನ್ಫಿಕಾ ಎದುರು ಸೋತು ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲೇ ಹೊರಬಿತ್ತು. ಆ ರಾತ್ರಿ ಕೇಳಿದ್ದರೆ ಫರ್ಗುಸನ್ ಕೆಟ್ಟರು ಅನ್ನುತ್ತಿದ್ದರು. 2007, 2008, 2009ರಲ್ಲಿ ಸತತ ಲೀಗ್ ಪ್ರಶಸ್ತಿ, 2008ರಲ್ಲಿ ಚಾಂಪಿಯನ್ಸ್ ಲೀಗ್. ಆಗ ಕೇಳಿದ್ದರೆ ಉತ್ತರ ಬೇರೆ. ಅದೇ ಫರ್ಗುಸನ್ 2001ರ ಆಗಸ್ಟ್‌ನಲ್ಲಿ ರಕ್ಷಣಾ ಆಟಗಾರ ಯಾಪ್ ಸ್ಟಾಮ್‌ರನ್ನು ಇಟಲಿಯ ಲಾಟ್ಸಿಯೊಗೆ ಮಾರಿದರು. ಸ್ಟಾಮ್ ಆತ್ಮಕಥೆ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಸಮಯವದು. ಕಾರಣ ಪುಸ್ತಕವಲ್ಲ, ಗಾಯದ ಮೇಲಿನ ಅನುಮಾನ ಅಂತ ಫರ್ಗುಸನ್ ಹೇಳಿದ್ದಾರೆ. ಆ ಸೀಸನ್ ತಂಡ 3ನೇ ಸ್ಥಾನ, ಒಂದೂ ಟ್ರೋಫಿ ಇಲ್ಲ. ಮಾರಿದ್ದು ತಪ್ಪಾಯಿತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಹಾಗಾಗಿ ‘ಫರ್ಗುಸನ್ ಆಗಿದ್ದರೆ ಒದ್ದು ಓಡಿಸುತ್ತಿದ್ದರು’ ಅನ್ನುವವರು ಯಾವ ಓಡಿಸಿದ ಪ್ರಕರಣ ಅಂತ ಹೆಸರು ಹೇಳಲಿ.

ಟೆನ್ ಹಾಗ್ ಲೆಕ್ಕವೂ ಹೀಗೇ ಕೈಗೆ ಸಿಗುವುದಿಲ್ಲ. 2022–23ರಲ್ಲಿ 3ನೇ ಸ್ಥಾನ ಮತ್ತು ಲೀಗ್ ಕಪ್. 2023–24ರಲ್ಲಿ 8ನೇ ಸ್ಥಾನ, ಜೊತೆಗೆ ಎಫ್‌ಎ ಕಪ್. 2024ರ ಅಕ್ಟೋಬರ್ 28ಕ್ಕೆ ವಜಾ. ಮನುಷ್ಯ ಅದೇ, ಬಿಗಿ ಅದೇ. ಬಿಗಿಯಿಂದಲೇ 3ನೇ ಸ್ಥಾನ ಬಂತು ಅನ್ನುವವರು 8ನೇ ಸ್ಥಾನಕ್ಕೂ ಅದನ್ನೇ ಕಾರಣ ಕೊಡಬೇಕಾಗುತ್ತದೆ. ಗಾಯಾಳುಗಳು, ಖರೀದಿ, ಆಡಿಸಿದ ರೀತಿ ಇವನ್ನೆಲ್ಲ ಬದಿಗಿಟ್ಟು ಶಿಸ್ತೊಂದನ್ನೇ ಹಿಡಿದು ಜಗ್ಗಿದರೆ ವಾದ ಎತ್ತಲೂ ಹೋಗುವುದಿಲ್ಲ.

ರೊನಾಲ್ಡೊ ಅಂಕಿಯಲ್ಲೂ ಜೋಪಾನ. 2021–22ರ ಲೀಗ್‌ನಲ್ಲಿ 18 ಗೋಲು, ಮುಂದಿನ ಸೀಸನ್ ಬಿಡುವವರೆಗೆ 1. ಆದರೆ ಆ ಹತ್ತು ಲೀಗ್ ಪಂದ್ಯಗಳಲ್ಲಿ ಆರಂಭಿಕ ಹನ್ನೊಂದರಲ್ಲಿದ್ದದ್ದು ನಾಲ್ಕೇ ಸಲ. ಆಡಿಸಲಿಲ್ಲವೆಂದು ಗೋಲು ಬರಲಿಲ್ಲವೋ, ಬರುವ ಲಕ್ಷಣ ಕಾಣದೆ ಆಡಿಸಲಿಲ್ಲವೋ? ಪಂದ್ಯಗಳ ಸಂಖ್ಯೆಯಲ್ಲ, ಆಡಿದ ನಿಮಿಷ ಹಿಡಿದು ಲೆಕ್ಕ ಹಾಕಿ. ಹತ್ತು ಪೂರ್ಣ ಪಂದ್ಯದಷ್ಟು, ಅಂದರೆ 900 ನಿಮಿಷ ಆಗದಿದ್ದರೆ ಅಂಕಿಯನ್ನು ವಾದಕ್ಕೆ ತರಬೇಡಿ.

ಕೊನೆಗೆ, ಬರೆಯುವಾಗ

ಒಂದೇ ವಾಕ್ಯದಲ್ಲಿ ನಿಮ್ಮ ಮಾತು ಹೇಳಿ, ಅದರಲ್ಲಿ ದಿನಾಂಕ ಇರಲಿ, ಯಾವ ಅಂಕಣದ ಮಾತು ಅಂತಲೂ ಇರಲಿ. ‘ಸ್ಯಾಂಚೊ ಹೇಳಿದ್ದು ಸರಿ’ ಅಂತ ಬರೆದರೆ ಇನ್ನೂರು ಮೆಸೇಜ್ ಗ್ಯಾರಂಟಿ. ‘ಸೆಪ್ಟೆಂಬರ್ 3ರಂದು ಕಾರಣವನ್ನು ಎಲ್ಲರೆದುರು ಹೇಳಿದ್ದು ಟೆನ್ ಹಾಗ್ ತಪ್ಪು’ ಅಂತ ಬರೆದರೆ ಎದುರಿನವನಿಗೆ ಉತ್ತರಿಸಲು ಒಂದೇ ಒಂದು ವಿಷಯ ಸಿಗುತ್ತದೆ. ಸ್ಕ್ರೀನ್‌ಶಾಟ್ ಬೇಡ, ನಿಮಿಷ ಸೂಚಿಸಿದ ಲಿಂಕ್ ಹಾಕಿ. ವಾದ ಸೋಲುತ್ತಿದೆ ಅನಿಸಿದಾಗ ನೆವಿಲ್‌ನಿಂದ ಕ್ಲಬ್ಬಿನ ಮಾಲೀಕರಾದ ಗ್ಲೇಜರ್ ಕುಟುಂಬದ ಸಾಲಕ್ಕೆ ಜಿಗಿಯಬೇಡಿ. ಅದು ಬೇರೆ ದಿನದ ಜಗಳ.

ಮೂಲವೇ ಸಿಗದ ಪ್ರಕರಣವೂ ಇರುತ್ತದೆ. 2005ರ ಅಕ್ಟೋಬರ್ 29ರಂದು ಮಿಡಲ್ಸ್‌ಬ್ರೊ ಎದುರು 1–4 ಸೋತ ಮೇಲೆ, ಗಾಯಾಳುವಾಗಿದ್ದ ಕೀನ್ ಕ್ಲಬ್ಬಿನದೇ ಟಿವಿಗೆ ಮಾತಾಡಿ ಸಹ ಆಟಗಾರರನ್ನು ಟೀಕಿಸಿದರು. ಆ ಕಾರ್ಯಕ್ರಮ ಪ್ರಸಾರವಾಗಲೇ ಇಲ್ಲ. ಟೇಪನ್ನು ಫರ್ಗುಸನ್ ಕಚೇರಿಯಲ್ಲಿ ಆಟಗಾರರ ಜೊತೆ ಕೂತು ನೋಡಿದರು, ಮಾತಿಗೆ ಮಾತು ಬೆಳೆಯಿತು ಅನ್ನುವುದನ್ನು ಇಬ್ಬರೂ ಒಪ್ಪುತ್ತಾರೆ. ಇದು ‘ಕಂಡದ್ದು’ ಅಂಕಣಕ್ಕೆ. ಅದರಲ್ಲಿದ್ದದ್ದು ಎಷ್ಟು ಕೆಟ್ಟದಾಗಿತ್ತು ಅನ್ನುವುದರಲ್ಲಿ ಫರ್ಗುಸನ್‌ದು ಒಂದು ಮಾತು, ಕೀನ್‌ದು ಇನ್ನೊಂದು. ಅವೆರಡೂ ‘ಅನಿಸಿದ್ದು’. ‘ಆ ಟೇಪಿನಲ್ಲಿ ಹೀಗೆ ಹೇಳಿದ್ದ’ ಅಂತ ಗುಂಪಿನಲ್ಲಿ ಯಾರಾದರೂ ಶುರು ಮಾಡಿದರೆ, ಅದನ್ನು ಎಲ್ಲಿ ನೋಡಿದೆ ಮಾರಾಯಾ ಅಂತ ಕೇಳಿ.